ಶಿರಾಡಿ ಏರಿನಲ್ಲಿ ಎಂಜಿನ್ ಆಯಿಲ್ ಸೋರಿಕೆ: ನಾನು ಮೂಲ ಹುಡುಕಿದ ಬಗೆ

ಲಾರಿಯ ಕೆಳಗೆ ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತದೆಯೋ ಅಲ್ಲಿಯೇ ಸೋರಿಕೆ ಇದೆ ಎಂದು ತಿಳಿದು ಚೇಂಬರ್ ಬಿಚ್ಚಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿ, ಮರುವಾರ ಅದೇ ದೂರಿನೊಂದಿಗೆ ಹಿಂತಿರುಗಿದ ಚಾಲಕರನ್ನು ನಾನು ಮಂಗಳೂರಿನ ಬೈಕಂಪಾಡಿಯ ಗ್ಯಾರೇಜುಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಚೇಂಬರ್ ಎಂಬುದು ಎಂಜಿನ್ನಿನ ತಳ, ಎಣ್ಣೆ ನಿಲ್ಲುವ ಜಾಗ. ಮೇಲೆ ಟ್ಯಾಪೆಟ್ ಕವರಿನಲ್ಲಿ (ಎಂಜಿನ್ನಿನ ನೆತ್ತಿಯ ಮುಚ್ಚಳ) ಸೋರಿದರೂ, ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದ ಪೈಪಿನಲ್ಲಿ ಸೋರಿದರೂ ಎಣ್ಣೆಯು ಬ್ಲಾಕಿನ ಗೋಡೆ ಹಿಡಿದು ಇಳಿಯುತ್ತದೆ, ಫ್ಯಾನಿನ ಗಾಳಿಗೂ ಓಟದ ಗಾಳಿಗೂ ಸಿಕ್ಕಿ ಹಿಂದಕ್ಕೆ ಹರಡುತ್ತದೆ, ಕೊನೆಗೆ ಚೇಂಬರಿನ ಅಂಚಿಗೆ ಬಂದು ನೆಲಕ್ಕೆ ಬೀಳುತ್ತದೆ. ಆದ್ದರಿಂದ ಹುಡುಕುವವನ ಕಣ್ಣು ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ ಸಾಗಬೇಕು. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಎಲ್ಲಕ್ಕಿಂತ ಮುಂದಿನದು ಯಾವುದೋ ಅದರ ಆಸುಪಾಸಿನಲ್ಲಿಯೇ ಸೋರಿಕೆಯ ಮೂಲ ಇರುತ್ತದೆ.

ಪಣಂಬೂರಿನ ಬಂದರಿನಿಂದ ಗೊಬ್ಬರ, ಕಲ್ಲಿದ್ದಲು, ಮರದ ದಿಮ್ಮಿಗಳನ್ನು ಹೇರಿಕೊಂಡು ಘಟ್ಟ ಹತ್ತುವ ನಮ್ಮಂಥವರಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ಸೋರುತ್ತಿರುವ ಲಾರಿಯನ್ನು ಮುಂದಕ್ಕೆ ಓಡಿಸಬಹುದೇ, ನಿಂತಲ್ಲಿಯೇ ನಿಲ್ಲಿಸಬೇಕೇ? ಇದಕ್ಕೆ ಉತ್ತರ ರಸ್ತೆಯ ಮೇಲೆ ಬಿದ್ದ ಕಲೆಯ ಗಾತ್ರದಲ್ಲಿ ಇಲ್ಲ. ಎಂಜಿನ್ನಿನೊಳಗೆ ಎಣ್ಣೆಗೆ ಎರಡು ದಾರಿಗಳಿವೆ. ಪಂಪು ಒತ್ತಡದಿಂದ ತಳ್ಳಿದ ಎಣ್ಣೆಯು ಕೂಲರ್, ಫಿಲ್ಟರ್ ದಾಟಿ ಕ್ರ್ಯಾಂಕ್ ಬೇರಿಂಗುಗಳಿಗೆ, ಟರ್ಬೊಗೆ, ಬ್ರೇಕಿನ ಏರ್ ಕಂಪ್ರೆಸರಿಗೆ ಹೋಗುವುದು ಒಂದು ದಾರಿ. ಕೆಲಸ ಮುಗಿಸಿದ ಎಣ್ಣೆ ತನ್ನ ಭಾರದಿಂದಲೇ ಚೇಂಬರಿಗೆ ಇಳಿಯುವುದು ಮತ್ತೊಂದು. ಇಳಿಯುವ ದಾರಿಯಲ್ಲಿ, ಅಂದರೆ ಟ್ಯಾಪೆಟ್ ಕವರಿನಲ್ಲಿ, ಚೇಂಬರಿನ ಗ್ಯಾಸ್ಕೆಟ್ಟಿನಲ್ಲಿ ಅಥವಾ ಟರ್ಬೊದ ರಿಟರ್ನ್ ಪೈಪಿನಲ್ಲಿ ಸಣ್ಣಗೆ ಜಿನುಗಿದರೆ ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ನೋಡಿ, ಕಡಿಮೆಯಾದಷ್ಟು ಎಣ್ಣೆ ಸುರಿದು ಗ್ಯಾರೇಜು ತಲುಪಬಹುದು. ಒತ್ತಡದ ದಾರಿಯಲ್ಲಿ, ಅಂದರೆ ಫಿಲ್ಟರಿನ ರಬ್ಬರ್, ಕೂಲರ್, ಟರ್ಬೊಗೆ ಎಣ್ಣೆ ಒಯ್ಯುವ ಫೀಡ್ ಪೈಪ್ ಇವುಗಳಲ್ಲಿ ಸೋರಿಕೆಯಾದರೆ ಕೆಲವೇ ನಿಮಿಷಗಳಲ್ಲಿ ಚೇಂಬರ್ ಬರಿದಾಗಬಹುದು. ಕಲೆ ಸಣ್ಣದಿದ್ದರೂ ಅಂಥ ಲಾರಿಯನ್ನು ಒಂದು ಫರ್ಲಾಂಗು ಕೂಡ ಓಡಿಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಸೋರಿದ್ದೆಲ್ಲ ಎಂಜಿನ್ ಆಯಿಲ್ ಆಗಿರಬೇಕೆಂದೇನೂ ಇಲ್ಲ. ಬೆರಳಿಗೆ ಹಚ್ಚಿ ಬಣ್ಣ ನೋಡಿ, ಮೂಸಿದರೆ ಹೆಚ್ಚಿನ ಅನುಮಾನಗಳು ಅಲ್ಲಿಯೇ ಬಗೆಹರಿಯುತ್ತವೆ: ಓಡಿದ ಎಂಜಿನ್ ಆಯಿಲ್ ಕಪ್ಪಗಿರುತ್ತದೆ, ಪವರ್ ಸ್ಟೀರಿಂಗಿನದು ಬಹುಮಟ್ಟಿಗೆ ಕೆಂಪು, ಗೇರ್ ಆಯಿಲ್ ಮಂದವಾಗಿದ್ದು ಗಂಧಕದ ಘಾಟು ಹೊಡೆಯುತ್ತದೆ, ಕೂಲೆಂಟಿಗೆ ಸಿಹಿಯಾದ ವಾಸನೆ ಇರುತ್ತದೆ. 2020ರ ನಂತರದ ಬಿಎಸ್ 6 ಲಾರಿಗಳಲ್ಲಿ ಪೈಪಿನ ಜೋಡಣೆಯ ಸುತ್ತ ಬಿಳಿ ಹರಳು ಕಟ್ಟಿದ್ದರೆ ಅದು ಆಡ್‌ಬ್ಲೂ, ಅಂದರೆ ಹೊಗೆಯ ಮಾಲಿನ್ಯ ತಗ್ಗಿಸಲು ಬಳಸುವ ಯೂರಿಯಾ ದ್ರಾವಣ. ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರುತ್ತಾ ಹೋಗಿ ಡೀಸೆಲ್ ವಾಸನೆ ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ರೋಗ ಹೊರಗಿನದಲ್ಲ, ಒಳಗಿನದು. ಅದಕ್ಕೆ ರಸ್ತೆಬದಿಯಲ್ಲಿ ಮದ್ದಿಲ್ಲ.

ಕರಾವಳಿಯ ಲಾರಿಗಳ ವಿಷಯದಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕು. ಮೊದಲನೆಯದು ತುಕ್ಕು. ಪಣಂಬೂರು, ಸುರತ್ಕಲ್, ಮಲ್ಪೆಯ ಕಡೆಗಳಲ್ಲಿ ಕಡಲ ಗಾಳಿಗೆ ನಿಲ್ಲುವ ಲಾರಿಗಳಲ್ಲಿ ತಗಡಿನ ಚೇಂಬರ್ ಮತ್ತು ಕಬ್ಬಿಣದ ಪೈಪುಗಳು ಬಣ್ಣ ಕಿತ್ತ ಜಾಗದಿಂದ ಕೊರೆದು ಹೋಗುತ್ತವೆ. ಮೀನಿನ ಲೋಡು ಒಯ್ಯುವ ಲಾರಿಗಳಿಗೆ ಉಪ್ಪುನೀರಿನ ಕಾಟವೂ ಸೇರುತ್ತದೆ. ಎರಡನೆಯದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್ನಿನ ಹೊರಮೈಯೆಲ್ಲ ರಸ್ತೆಯ ನೀರಿನಿಂದ ತೊಯ್ದಿರುವಾಗ ಯಾವುದು ನೀರು, ಯಾವುದು ಎಣ್ಣೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆಗ ನಾನು ಹಳೆಯ ದಿನಪತ್ರಿಕೆಯ ಚೂರುಗಳನ್ನು ಅನುಮಾನವಿರುವ ಜೋಡಣೆಗಳಿಗೆ ಒಂದೊಂದಾಗಿ ಒತ್ತಿ ತೆಗೆದು, ಕ್ಯಾಬಿನ್ನಿನೊಳಗೆ ಹರಡಿ ಒಣಗಿಸುತ್ತೇನೆ. ನೀರಿನ ಕಲೆ ಆರಿಹೋಗುತ್ತದೆ, ಎಣ್ಣೆಯ ಕಲೆ ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಉಳಿಯುತ್ತದೆ. ಯಾವ ಚೂರು ಯಾವ ಜಾಗದ್ದು ಎಂದು ಪೆನ್ನಿನಲ್ಲಿ ಬರೆದಿಟ್ಟರೆ ಗೊಂದಲವಾಗುವುದಿಲ್ಲ.

ಇನ್ನು ಶಿರಾಡಿಯಲ್ಲಿ ನಡೆದುದನ್ನು ಹೇಳುತ್ತೇನೆ. ಹಾಸನಕ್ಕೆ ಗೊಬ್ಬರ ತುಂಬಿ, ಹಳೆಯ ಚಾಲಕರು ಈಗಲೂ 48 ಎಂದು ಕರೆಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗುಂಡ್ಯ ದಾಟಿ ಮಾರನಹಳ್ಳಿಯ ಕಡೆಗೆ ಏರುತ್ತಿದ್ದೆ. ಮಳೆಗಾಲ ಕಳೆದು ರಸ್ತೆ ಒಣಗಿತ್ತು. ಮೊದಲು ಕಂಡದ್ದು ಹೊಗೆಯಲ್ಲ, ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಅಲುಗಾಟ. ಕಡಿದಾದ ಏರಿನಲ್ಲಿಯೂ ತಿರುವಿನಲ್ಲಿಯೂ ಮುಳ್ಳು ಒಮ್ಮೆ ಇಳಿದು, ರಸ್ತೆ ಕೊಂಚ ಸಮವಾದೊಡನೆ ಮೇಲೇರುತ್ತಿತ್ತು. ಚೇಂಬರಿನಲ್ಲಿ ಎಣ್ಣೆ ಕಡಿಮೆಯಾದಾಗ, ಲಾರಿ ವಾಲಿದ ಕಡೆಗೆ ಉಳಿದ ಎಣ್ಣೆ ಸರಿದು, ಪಂಪಿನ ಹೀರುಕೊಳವೆಯ ಬಾಯಿಗೆ ಗಾಳಿ ಸಿಗುವುದರಿಂದ ಹೀಗಾಗುತ್ತದೆ. ಮೀಟರು ಕೆಟ್ಟಿರಬೇಕು ಎಂದು ಇದನ್ನು ತಳ್ಳಿಹಾಕಬಾರದು. ಅದರ ಬೆನ್ನಿಗೇ ಸುಟ್ಟ ಎಣ್ಣೆಯ ವಾಸನೆ ಬಂತು, ಕನ್ನಡಿಯಲ್ಲಿ ಕ್ಯಾಬಿನ್ನಿನ ಹಿಂದೆ ತೆಳುವಾದ ನೀಲಿ ಹೊಗೆ ಕಾಣಿಸಿತು.

ರಸ್ತೆ ಅಗಲವಾಗಿದ್ದ ಒಂದು ಕಡೆ, ತಿರುವಿನಿಂದ ಹೊರಗೆ ಲಾರಿಯನ್ನು ಅಂಚಿಗೆ ತಂದು, ಕೂಡಲೇ ಎಂಜಿನ್ ಆರಿಸಿದೆ. ಏರು ಹತ್ತಿದ ಟರ್ಬೊ ಎಂಜಿನ್ನನ್ನು ಎರಡು ಮೂರು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆರಿಸುವುದೇ ಕ್ರಮ. ಆದರೆ ಒತ್ತಡದ ಸೋರಿಕೆಯ ಸಂಶಯ ಬಂದಾಗ ಆ ಕ್ರಮವನ್ನು ಬದಿಗಿಡಬೇಕು. ಲೋಡಿನಲ್ಲಿ ಏರುವಾಗ ಟರ್ಬೊದ ಹೊಗೆಯ ಬದಿಯ ಶಾಖ 500 ಡಿಗ್ರಿಯನ್ನು ದಾಟುತ್ತದೆ. ಎಂಜಿನ್ ಆಯಿಲ್ ಹೊತ್ತಿಕೊಳ್ಳುವಂಥ ಆವಿ ಬಿಡಲು ಅದರ ಅರ್ಧದಷ್ಟು ಶಾಖವೂ ಬೇಕಿಲ್ಲ. ಘಟ್ಟದಲ್ಲಿ ಲಾರಿಗಳಿಗೆ ಬೆಂಕಿ ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಕ್ಲೀನರ್ ಹುಡುಗ ಇಳಿದು ಹಿಂದಿನ ಚಕ್ರಗಳಿಗೆ ಅಡ್ಡಮರ ಕೊಟ್ಟ. ಪ್ರತಿಫಲಕ ತ್ರಿಕೋನವನ್ನು ಲಾರಿಯ ಬೆನ್ನಿಗೆ ಇಡದೆ, ಕೆಳಗಿನಿಂದ ಬರುವವರಿಗೆ ತಿರುವಿಗೆ ಮೊದಲೇ ಕಾಣುವಂತೆ ದೂರದಲ್ಲಿ ಇಡಿಸಿದೆ. ಫೋನಿಗೆ ಸಂಕೇತ ಸರಿಯಾಗಿ ಸಿಗದ ಜಾಗವದು. ಸಿಗುವಲ್ಲಿ ನಿಂತವರು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬೇಕು.

ಅರ್ಧ ಗಂಟೆಯವರೆಗೆ ನಾನು ಎಂಜಿನ್ನಿಗೆ ಕೈ ಹಾಕಲಿಲ್ಲ. ಇಳಿಜಾರಿನಲ್ಲಿ ನಿಂತ ಲಾರಿಯ ಕ್ಯಾಬಿನ್ ಎತ್ತುವುದು ಅಪಾಯ. ನನ್ನ ಲಾರಿಯಲ್ಲಿ ಟರ್ಬೊ ಕ್ಯಾಬಿನ್ನಿನ ಹಿಂದಿನ ಸಂದಿಯಿಂದಲೇ ಕೈಗೆ ಸಿಗುವುದರಿಂದ ಆ ಅಗತ್ಯವೂ ಬರಲಿಲ್ಲ. ಏರಿನಲ್ಲಿ ಕಡ್ಡಿ ತೋರಿಸುವ ಮಟ್ಟ ನಿಖರವಲ್ಲ, ಆದರೆ ಅದರ ತುದಿಗೂ ಎಣ್ಣೆ ಅಂಟಿರಲಿಲ್ಲವಾದ್ದರಿಂದ ಲೆಕ್ಕ ಹಾಕುವಂಥದ್ದೇನೂ ಇರಲಿಲ್ಲ.

ಟಾರ್ಚು ಹಿಡಿದು ನೋಡಿದಾಗ ಹೆಚ್ಚು ಹೇಳಿದ್ದು ಕೆಮ್ಮಣ್ಣಿನ ಧೂಳು. ಟ್ಯಾಪೆಟ್ ಕವರಿನ ಕೆಳಗಂಚಿನಲ್ಲಿ ಎಣ್ಣೆ ಮತ್ತು ಧೂಳು ಬೆರೆತು ದಪ್ಪವಾದ, ಒಣಗಿದ ಪದರ ಕಟ್ಟಿತ್ತು. ಅದು ತಿಂಗಳುಗಳಿಂದ ನಿಧಾನವಾಗಿ ಜಿನುಗಿದ ಹಳೆಯ ಕಥೆ; ಆ ದಿನದ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಟರ್ಬೊದಿಂದ ಕೆಳಗೆ ಬ್ಲಾಕಿನ ಮೇಲೆ ಅಂಗೈ ಅಗಲದ ಒಂದು ಪಟ್ಟಿಯಲ್ಲಿ ಧೂಳೆಲ್ಲ ತೊಳೆದುಹೋಗಿ ಲೋಹ ಕಪ್ಪಗೆ ಹೊಳೆಯುತ್ತಿತ್ತು. ಹೊಸ ಸೋರಿಕೆ ಧೂಳನ್ನು ತೊಳೆಯುತ್ತದೆ, ಹಳೆಯ ಜಿನುಗು ಧೂಳನ್ನು ಹಿಡಿದಿಡುತ್ತದೆ. ಆ ಪಟ್ಟಿಯ ಮೇಲ್ತುದಿಯಲ್ಲಿ ಫೀಡ್ ಪೈಪನ್ನು ಟರ್ಬೊಗೆ ಜೋಡಿಸುವ ಬ್ಯಾಂಜೊ ಬೋಲ್ಟ್ ಇತ್ತು. ಅದರ ಮೇಲ್ಭಾಗ ಒಣಗಿತ್ತು, ಕೆಳಭಾಗ ಒದ್ದೆಯಾಗಿತ್ತು.

ಇಷ್ಟಾದರೂ ನೋಟವನ್ನೇ ನಂಬದೆ ಪರೀಕ್ಷಿಸಿದೆ. ಜೋಡಣೆಯ ಸುತ್ತ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ (ಬಿಸಿ ಆರದ ಟರ್ಬೊದ ಬಳಿ ಡೀಸೆಲ್ ಬಟ್ಟೆಯನ್ನು ತರಲೇಬಾರದು), ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿದೆ. ಕ್ಯಾನಿನಲ್ಲಿದ್ದ 15ಡಬ್ಲ್ಯು-40 ಎಣ್ಣೆಯಲ್ಲಿ ಒಂದಷ್ಟನ್ನು ಸುರಿದು, ಬೆಂಕಿ ಆರಿಸುವ ಸಿಲಿಂಡರ್ ಕೈಯಲ್ಲಿ ಹಿಡಿದು ನಿಂತು, ಹುಡುಗನಿಂದ ಎಂಜಿನ್ ಶುರುಮಾಡಿಸಿ ಕ್ಷಣಮಾತ್ರದಲ್ಲಿ ಆರಿಸಲು ಹೇಳಿದೆ. ಬಿಳಿ ಪೌಡರಿನ ಮೇಲೆ, ಬೋಲ್ಟಿನ ತಲೆಯ ಕೆಳಗಿನ ವಾಷರಿನಿಂದ, ದಾರದ ಎಳೆಯಷ್ಟು ಕಪ್ಪು ಗೆರೆ ಎದ್ದಿತು. ಉಳಿದ ಪೌಡರ್ ಹಾಗೆಯೇ ಬೆಳ್ಳಗಿತ್ತು.

ಬ್ಯಾಂಜೊ ಬೋಲ್ಟಿನ ಒಳಗೆ ಎಣ್ಣೆ ಹರಿಯಲು ರಂಧ್ರವಿರುತ್ತದೆ, ಆದ್ದರಿಂದ ಅದು ನೋಡಿದಷ್ಟು ಗಟ್ಟಿಯಲ್ಲ. ಸೋರುತ್ತಿದೆ ಎಂದು ಸ್ಪ್ಯಾನರಿಗೆ ಪೈಪು ಸೇರಿಸಿ ಬಿಗಿದರೆ ತಲೆ ತುಂಡಾಗಿ, ಸೋರುವ ಲಾರಿ ಹೋಗಿ ಕದಲದ ಲಾರಿ ಉಳಿಯುತ್ತದೆ. ಬಿಚ್ಚಿ ನೋಡಿದಾಗ ಎರಡೂ ತಾಮ್ರದ ವಾಷರುಗಳು ಚಪ್ಪಟೆಯಾಗಿ, ಒಂದರಲ್ಲಿ ಉಗುರಿಗೆ ತಗುಲುವಷ್ಟು ಗೀರು ಬಿದ್ದಿತ್ತು. ತಾಮ್ರದ ವಾಷರ್ ಕೆಲಸ ಮಾಡುವುದು ಅದರ ಮೆದುತನದಿಂದ. ಒತ್ತಿ ಒತ್ತಿ, ಅದುರಿ ಅದುರಿ ಅದು ಗಡುಸಾದ ಮೇಲೆ ಎಷ್ಟು ಬಿಗಿದರೂ ಅಂಚಿಗೆ ಹೊಂದಿಕೊಳ್ಳುವುದಿಲ್ಲ. ಹೊಸ ವಾಷರ್ ಇಲ್ಲದಿದ್ದಾಗ ಹಳೆಯದನ್ನೇ ಮತ್ತೆ ಮೆದುಗೊಳಿಸುವುದು ಚಾಲಕರಿಗೆ ಗೊತ್ತಿರಲೇಬೇಕಾದ ಕೆಲಸ. ಅಡುಗೆಗೆ ಇಟ್ಟುಕೊಂಡಿದ್ದ ಸಣ್ಣ ಗ್ಯಾಸ್ ಒಲೆಯನ್ನು ಲಾರಿಯಿಂದ ದೂರ ಒಯ್ದು, ವಾಷರುಗಳನ್ನು ತಂತಿಗೆ ಪೋಣಿಸಿ ಜ್ವಾಲೆಗೆ ಹಿಡಿದೆ. ನೆರಳಿನಲ್ಲಿ ನೋಡಿದಾಗ ಮಂದವಾದ ಕೆಂಪು ಬಣ್ಣ ಬಂದೊಡನೆ ನೀರಿಗೆ ಹಾಕಿದೆ. ಉಕ್ಕನ್ನು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಮಾತ್ರ ಮೆದುವಾಗುತ್ತದೆ. ಮೇಲೆದ್ದ ಕಪ್ಪು ಹೊಟ್ಟನ್ನೂ ಗೀರನ್ನೂ ಗಾಜಿನ ಚೂರಿನ ಮೇಲೆ ಹರಡಿದ ನಯವಾದ ಎಮರಿ ಕಾಗದಕ್ಕೆ ಸುತ್ತುಸುತ್ತಾಗಿ ಉಜ್ಜಿ ತೆಗೆದೆ.

ಮತ್ತೆ ಜೋಡಿಸುವಾಗ ಗಮ್ಮಾಗಲಿ, ಟೇಪಾಗಲಿ ಹಚ್ಚಲಿಲ್ಲ. ಅದರ ಒಂದು ಚೂರು ಒಳಗೆ ಹೋಗಿ ರಂಧ್ರ ಮುಚ್ಚಿದರೆ, ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ತಿರುಗುವ ಟರ್ಬೊದ ದಂಡಕ್ಕೆ ಎಣ್ಣೆಯಿಲ್ಲದೆ ಅದು ಅಲ್ಲಿಯೇ ಮುಗಿಯುತ್ತದೆ. ಅದೇ ಕಾರಣಕ್ಕೆ ಬೋಲ್ಟ್ ಹಾಕುವ ಮುನ್ನ ಟರ್ಬೊದ ಎಣ್ಣೆಯ ಬಾಯಿಗೆ ಒಂದಿಷ್ಟು ಹೊಸ ಎಣ್ಣೆಯನ್ನು ಬಿಟ್ಟೆ. ಉಳಿದ ಎಣ್ಣೆಯನ್ನು ಚೇಂಬರಿಗೆ ಸುರಿದು, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ನೋಡಿ, ಮತ್ತೆ ಪೌಡರ್ ಉದುರಿಸಿ ಎಂಜಿನ್ ಶುರುಮಾಡಿದೆ. ಐಡ್ಲಿಂಗಿನಲ್ಲಿ ಮುಳ್ಳು ಒಂದು ಬಾರ್ ದಾಟಿ ನಿಂತಿತು, ಆಕ್ಸಿಲರೇಟರ್ ಒತ್ತಿದಾಗ ಮೂರೂವರೆಯ ಹತ್ತಿರ ಹೋಯಿತು, ಪೌಡರ್ ಒಣಗಿಯೇ ಇತ್ತು. ಈ ಮೂರೂ ಸರಿಯಿದ್ದುದರಿಂದಲೇ ಲಾರಿಯನ್ನು ಕದಲಿಸಿದೆ. ಒಂದು ತಪ್ಪಿದ್ದರೂ ಎಳೆಯುವ ಗಾಡಿಗೆ ಕಾಯುತ್ತಿದ್ದೆ.

ಹೊರಡುವ ಮುನ್ನ ರಸ್ತೆಗೆ ಬಿದ್ದ ಎಣ್ಣೆಯ ಮೇಲೆ ದಪ್ಪವಾಗಿ ಮಣ್ಣು ಹಾಕಿಸಿದೆ. ಅದನ್ನು ಬಿಟ್ಟುಹೋದರೆ ಹಿಂದೆ ಬರುವ ಬೈಕಿನವರು ತಿರುವಿನಲ್ಲಿ ಜಾರಿ ಬೀಳುತ್ತಾರೆ. ಒರೆಸಿದ ಬಟ್ಟೆಗಳನ್ನೂ ಖಾಲಿ ಕ್ಯಾನನ್ನೂ ಲಾರಿಯಲ್ಲಿಯೇ ಇಟ್ಟುಕೊಂಡೆ. ಪಕ್ಕದಲ್ಲಿ ಹರಿಯುವ ಕೆಂಪುಹೊಳೆಯ ನೀರು ಗುಂಡ್ಯ ಹೊಳೆ, ಕುಮಾರಧಾರೆಗಳ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗಳಿಗೆ ಬರುವುದು ಅದೇ ನೀರು.

ಘಟ್ಟ ಮುಗಿದು ದೋಣಿಗಾಲ್ ಬಂದಾಗ ಸಮತಟ್ಟಿನಲ್ಲಿ ನಿಲ್ಲಿಸಿ ಕಡ್ಡಿ ನೋಡಿದೆ, ಸಕಲೇಶಪುರದಲ್ಲಿ ಮತ್ತೊಮ್ಮೆ ನೋಡಿದೆ, ಮಟ್ಟ ಇಳಿದಿರಲಿಲ್ಲ. ಹಾಸನದಲ್ಲಿ ಲೋಡು ಇಳಿಸಿ ಮೆಕ್ಯಾನಿಕ್ ಬಳಿಗೆ ಹೋದಾಗ, ಎಂಜಿನ್ ಓಡುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳವನ್ನು ಸಡಿಲಿಸಿ ಹೊಗೆ ರಭಸದಿಂದ ಬರುತ್ತಿದೆಯೇ ಎಂದು ನೋಡಲು ಹೇಳಿದೆ. ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಕಟ್ಟಿಕೊಂಡು ಒಳಗಿನ ಒತ್ತಡ ಹೆಚ್ಚಿದ್ದರೆ ಎಷ್ಟು ಗ್ಯಾಸ್ಕೆಟ್, ಎಷ್ಟು ಸೀಲ್ ಬದಲಿಸಿದರೂ ಹೊಸ ಜಾಗದಿಂದ ಸೋರುತ್ತಲೇ ಇರುತ್ತದೆ. ಬ್ರೀದರ್ ಸರಿಯಾಗಿಯೇ ಇತ್ತು. ಆದರೆ ವಾಷರುಗಳು ಅಷ್ಟು ಬೇಗ ಸವೆಯಲು ಕಾರಣ ಬೇಕಲ್ಲ ಎಂದು ಪೈಪನ್ನು ಉದ್ದಕ್ಕೂ ಕೈಯಾಡಿಸುತ್ತಾ ಹೋದಾಗ, ಅದನ್ನು ಬ್ಲಾಕಿಗೆ ಹಿಡಿದಿಡುವ ಕ್ಲಾಂಪಿನ ಬೋಲ್ಟ್ ಇರಲಿಲ್ಲ. ಕ್ಲಾಂಪ್ ಉಜ್ಜಿದ ಕಡೆ ಪೈಪು ಬೆಳ್ಳಗೆ ಹೊಳೆಯುತ್ತಿತ್ತು. ಆಧಾರವಿಲ್ಲದೆ ಪೈಪು ಅದುರಿದ್ದೆಲ್ಲ ಮೇಲಿನ ವಾಷರುಗಳ ಮೇಲೆ ಬಿದ್ದಿತ್ತು. ಪೈಪು, ವಾಷರ್, ಕ್ಲಾಂಪಿನ ಬೋಲ್ಟ್ ಮೂರನ್ನೂ ಹೊಸದಾಗಿ ಹಾಕಿಸಿದೆ, ಆ ಬೋಲ್ಟಿಗೆ ಸ್ಪ್ರಿಂಗ್ ವಾಷರನ್ನೂ ಸೇರಿಸಲು ಹೇಳಿದೆ.