ಕಿಟಕಿಯಿಲ್ಲದ ಕ್ಯಾಬಿನ್ ಆಯ್ಕೆ: ನನ್ನ ಅನುಭವ

ಕ್ರೂಸ್ ಪ್ರವಾಸಕ್ಕೆ ಒಳಗಿನ, ಎಂದರೆ ಕಿಟಕಿಯಿಲ್ಲದ, ಕ್ಯಾಬಿನ್ ಹಿಡಿಯುತ್ತೇನೆ ಎಂದಾಗಲೆಲ್ಲ, ಅಷ್ಟು ದುಡ್ಡು ಸುರಿದು ಸಮುದ್ರಕ್ಕೆ ಹೋಗಿ ಉಗ್ರಾಣದಲ್ಲಿ ಮಲಗುತ್ತೀರಾ ಎಂದು ನಕ್ಕವರೇ ಹೆಚ್ಚು. ಹಾಗೆ ನಕ್ಕವರಲ್ಲಿ ಕೆಲವರು ಈಗ ಬುಕಿಂಗ್‌ಗೆ ಮುನ್ನ ನನಗೆ ಡೆಕ್ ಪ್ಲಾನ್ (ಹಡಗಿನ ಅಂತಸ್ತುಗಳ ನಕ್ಷೆ) ಕಳುಹಿಸಿ, ಯಾವ ಸಂಖ್ಯೆಯ ಕ್ಯಾಬಿನ್ ಹಿಡಿಯಲಿ ಎಂದು ವಿಚಾರಿಸುತ್ತಾರೆ. ಒಳಗಿನ ಕ್ಯಾಬಿನ್‌ನ ಹಣೆಬರಹವನ್ನು ಬರೆಯುವುದು ಅದರ ನೆತ್ತಿಯ ಮೇಲೂ ಕಾಲ ಕೆಳಗೂ ಇರುವ ಡೆಕ್‌ಗಳು ಎಂಬುದೇ ನಾನು ಅವರಿಗೆ ಕೊಡುವ ಮೊದಲ ಉತ್ತರ.

ಹಣದ ಲೆಕ್ಕ ಮೊದಲು. ಒಂದೇ ಹಡಗಿನ ಒಂದೇ ಪ್ರಯಾಣದಲ್ಲಿ ಬಾಲ್ಕನಿ ಕ್ಯಾಬಿನ್‌ನ ದರದ ಅರ್ಧದಿಂದ ಮೂರನೇ ಎರಡು ಭಾಗದಷ್ಟಕ್ಕೆ ಒಳಗಿನ ಕ್ಯಾಬಿನ್ ನನಗೆ ಸಿಕ್ಕಿದೆ. ಆದರೆ ಬಂದರು ಶುಲ್ಕ, ತೆರಿಗೆ ಮತ್ತು ದಿನವಹಿ ಟಿಪ್ಸ್ ಕಿಟಕಿ ಇಲ್ಲವೆಂದು ಇಳಿಯುವುದಿಲ್ಲವಾದ್ದರಿಂದ, ಜಾಹೀರಾತಿನಲ್ಲಿ ಕಾಣುವ ಉಳಿತಾಯ ಕೊನೆಯ ಬಿಲ್ಲಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣುವುದಿಲ್ಲ; ಎಲ್ಲವನ್ನೂ ಕೂಡಿಸಿ, ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ ನೋಡಿದ ಮೇಲೂ ವ್ಯತ್ಯಾಸ ಕಾಲು ಭಾಗಕ್ಕಿಂತ ಕಡಿಮೆ ಬಂದರೆ ನಾನು ಬೇರೆ ಹಡಗು ಹುಡುಕುತ್ತೇನೆ. ಒಬ್ಬರೇ ಹೋಗುವವರಿಗೆ ಈ ಲೆಕ್ಕ ಇನ್ನೂ ಮುಖ್ಯ, ಏಕೆಂದರೆ ದರವೆಲ್ಲ ಇಬ್ಬರ ಲೆಕ್ಕದಲ್ಲಿರುತ್ತದೆ ಮತ್ತು ಖಾಲಿ ಹಾಸಿಗೆಯ ಹಣವನ್ನೂ ಬಹಳಷ್ಟು ಸಲ ನಾವೇ ತೆರಬೇಕಾಗುತ್ತದೆ. 2010ರಲ್ಲಿ ಬಂದ ನಾರ್ವೀಜಿಯನ್ ಎಪಿಕ್ ಹಡಗು ಒಬ್ಬರಿಗೆಂದೇ ಸುಮಾರು 100 ಚದರ ಅಡಿಯ 128 ಸ್ಟುಡಿಯೊಗಳನ್ನು, ಅವೂ ಸಮುದ್ರದ ಕಡೆ ಕಿಟಕಿಯಿಲ್ಲದಂತೆ, ಮಾಡಿದ್ದು ಈ ಹೊರೆಯನ್ನು ಸ್ವಲ್ಪ ಇಳಿಸಿತು.

ಅಗ್ಗವೆಂದು ಗ್ಯಾರಂಟಿ ದರಕ್ಕೆ ಹೋದ ಪ್ರಯಾಣಗಳು ನನಗೆ ಒಗ್ಗಲಿಲ್ಲ. ಆ ದರದಲ್ಲಿ ಕ್ಯಾಬಿನ್ ಸಂಖ್ಯೆಯನ್ನು ಕಂಪನಿಯೇ ಹಾಕುತ್ತದೆ, ಬೇರೆಯವರು ಬೇಡವೆಂದು ಬಿಟ್ಟದ್ದು ನಮ್ಮ ಪಾಲಿಗೆ ಬರುತ್ತದೆ. ಒಮ್ಮೆ ಈಜುಕೊಳದ ಡೆಕ್‌ನ ನೇರ ಕೆಳಗೆ ಸಿಕ್ಕಿತು. ಬೆಳಕು ಹರಿಯುವ ಮುನ್ನವೇ ಸಿಬ್ಬಂದಿ ಒರಗು ಕುರ್ಚಿಗಳನ್ನು ಎಳೆದೆಳೆದು ಸಾಲು ಮಾಡುವ ಸದ್ದು ತಲೆಯ ಮೇಲಿಂದಲೇ ಬರುತ್ತಿತ್ತು. ಇನ್ನೊಮ್ಮೆ ಕೆಳಗಿನ ಡೆಕ್‌ನ ಮುಂತುದಿಯಲ್ಲಿ ಕೊಟ್ಟರು. ಹಡಗು ಬಂದರಿಗೆ ಹೊಂದಿಕೊಳ್ಳುವಾಗ ಅದನ್ನು ಪಕ್ಕಕ್ಕೆ ತಳ್ಳುವ ಯಂತ್ರವಾದ ಥ್ರಸ್ಟರ್ ಚಾಲೂ ಆದೊಡನೆ ಕಪಾಟಿನ ಹ್ಯಾಂಗರ್‌ಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು, ಬಚ್ಚಲಿನ ಗಾಜಿನ ಲೋಟ ತಾನಾಗಿಯೇ ಅಂಚಿನ ಕಡೆಗೆ ಸರಿಯುತ್ತಿತ್ತು. ಗ್ಯಾರಂಟಿಯಲ್ಲಿ ಉಳಿದದ್ದು ಒಟ್ಟು ವೆಚ್ಚದ ಹತ್ತನೇ ಒಂದು ಭಾಗವೂ ಇರಲಿಲ್ಲ, ಕಳೆದದ್ದು ನಿದ್ದೆ.

ಆಮೇಲಿನಿಂದ ನಾನು ಮೂರು ಡೆಕ್‌ಗಳ ನಕ್ಷೆಯನ್ನು ಒಂದೇ ಅಳತೆಗೆ ತಂದು, ಲಿಫ್ಟ್‌ನ ಗುರುತು ಒಂದರ ಮೇಲೊಂದು ಕೂರುವಂತೆ ಜೋಡಿಸಿ ನೋಡುತ್ತೇನೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರಬೇಕು. ಅಡುಗೆಮನೆ, ನಾಟಕಶಾಲೆ, ರಾತ್ರಿಯೆಲ್ಲ ಸಂಗೀತ ನಡೆಯುವ ಲೌಂಜ್ ಇರಕೂಡದು. ಹೆಚ್ಚಿನವರು ಗಮನಿಸದ ಸಂಗತಿಯೆಂದರೆ ನಕ್ಷೆಯಲ್ಲಿ ಏನೂ ಬರೆಯದೆ ಬಿಟ್ಟ ಖಾಲಿ ಚೌಕಗಳು. ಅವು ಸಾಮಾನ್ಯವಾಗಿ ಸಿಬ್ಬಂದಿಯ ಸಾಮಾನು ಕೋಣೆಗಳೋ ಓಡಾಟದ ದಾರಿಗಳೋ ಆಗಿರುತ್ತವೆ, ಬಾಗಿಲು ಬಡಿಯುವ ಸದ್ದಿಗೆ ಕೊನೆಯಿರುವುದಿಲ್ಲ. ಪಕ್ಕದ ಕ್ಯಾಬಿನ್‌ಗೆ ನಡುಬಾಗಿಲಿರುವ ಕ್ಯಾಬಿನ್ ಕೂಡ ಬೇಡ. ಆ ಬಾಗಿಲಿನ ಮೂಲಕ ನೆರೆಯವರ ಮಾತು ಪದಪದವಾಗಿ ಕೇಳಿಸುತ್ತದೆ.

ತೂಗಾಟದ ವಿಷಯದಲ್ಲಿ ಒಂದು ಚಿಕ್ಕ ಪ್ರಯೋಗವನ್ನೂ ಮಾಡಿದೆ. ಅಲೆ ಜೋರಾಗಿದ್ದ ಸಂಜೆ, ಚಲನೆಯ ಬಲ ಅಳೆಯುವ ಆ್ಯಪ್ ಹಾಕಿದ ಮೊಬೈಲನ್ನು ಹಡಗಿನ ನಡುಭಾಗದ ನನ್ನ ಕ್ಯಾಬಿನ್‌ನ ನೆಲದ ಮೇಲಿಟ್ಟು, ಬಳಿಕ ಮುಂತುದಿಯ ಮೇಲಿನ ಡೆಕ್‌ನಲ್ಲಿ ಬಾಲ್ಕನಿ ಹಿಡಿದಿದ್ದ ಗೆಳೆಯರ ಕ್ಯಾಬಿನ್‌ನಲ್ಲಿಟ್ಟು, ಎರಡೂ ಕಡೆ ಹತ್ತು ನಿಮಿಷದಷ್ಟು ಬಿಟ್ಟೆ. ನೆನಪಿರುವಂತೆ ಮೇಲೆ ಕೆಳಗೆ ಎತ್ತಿಹಾಕುವ ಬಲ ಅಲ್ಲಿ ನನ್ನಲ್ಲಿದ್ದುದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿತ್ತು. ಹಡಗು ಅಕ್ಕಪಕ್ಕಕ್ಕೆ ವಾಲುವ ಕೋನ ಎಲ್ಲ ಕಡೆಯೂ ಒಂದೇ. ಆದರೆ ಒಳಗಿನ ಕ್ಯಾಬಿನ್ ಹಡಗಿನ ನಡುಗೆರೆಗೆ ಹತ್ತಿರವಿರುವುದರಿಂದ ವಾಲಿದಾಗ ಅದು ಏರಿಳಿಯುವ ಎತ್ತರ ಕಡಿಮೆ. ಹಡಗಿನ ಪಕ್ಕದ ರೆಕ್ಕೆಗಳು ವಾಲುವುದನ್ನು ತಡೆಯುತ್ತವೆಯೇ ಹೊರತು ಮುಂದೆ ಹಿಂದೆ ಏಳುವುದನ್ನು ಅಷ್ಟಾಗಿ ತಡೆಯಲಾರವು, ಹಾಗಾಗಿ ನಡುಭಾಗದ ಬೆಲೆ ಅಲೆ ಎದ್ದಾಗಲೇ ತಿಳಿಯುವುದು. ಗೆಳೆಯರು ಆ ರಾತ್ರಿ ನನ್ನ ಕ್ಯಾಬಿನ್‌ನ ಸೋಫಾದ ಮೇಲೆ ಮಲಗಿದರು ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ.

ಇನ್ನು ಕತ್ತಲೆ. ದೀಪ ಆರಿಸಿದರೆ ನಡುಹಗಲಿನಲ್ಲೂ ಕಣ್ಣ ಮುಂದಿನ ಕೈ ಕಾಣುವುದಿಲ್ಲ, ಮೈಗೆ ಹೊತ್ತಿನ ಅರಿವು ತಪ್ಪಿ ಬೆಳಗಿನ ತಿಂಡಿಯ ಸಮಯವೂ ಮೀರಿಹೋಗುತ್ತದೆ. ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಟಿವಿ ಚಾನೆಲ್ ಇದ್ದರೆ ಸದ್ದು ಅಡಗಿಸಿ ರಾತ್ರಿಯಿಡೀ ಹಾಗೇ ಬಿಡುವುದು ನಾನು ಕಂಡ ಅತ್ಯುತ್ತಮ ಉಪಾಯ. ರಾತ್ರಿ ಪರದೆ ಕಪ್ಪಾಗಿರುತ್ತದೆ, ಬೆಳಗಾದಂತೆ ಕೋಣೆಯೂ ಬೆಳಗುತ್ತದೆ. ಇದೇ ವಿಚಾರವನ್ನು ಡಿಸ್ನಿ ಡ್ರೀಮ್ ಹಡಗು 2011ರಲ್ಲಿ ದುಂಡು ಕಿಟಕಿಯಾಕಾರದ ಪರದೆಯಾಗಿ ತಂದಿತು, ರಾಯಲ್ ಕೆರಿಬಿಯನ್ ಕಂಪನಿ 2014ರಲ್ಲಿ ನ್ಯಾವಿಗೇಟರ್ ಆಫ್ ದಿ ಸೀಸ್ ಹಡಗಿನಲ್ಲಿ ಗೋಡೆಯೆತ್ತರದ ಪರದೆಯಾಗಿ ತಂದಿತು. ಚೆನ್ನಾಗಿವೆ, ಆದರೆ ಅದಕ್ಕೆಂದು ಹೆಚ್ಚಿಗೆ ಹಣ ಕೊಡುವಷ್ಟೇನಲ್ಲ. ಟೈಮರ್ ದೀಪವನ್ನೂ ಪ್ರಯತ್ನಿಸಿದೆ. ಹಡಗಿನ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆದ ದಿನವೇ ಅದರ ಉಪಯೋಗ ಮುಗಿಯಿತು.

ಕಿಟಕಿಯಿಲ್ಲದಿದ್ದರೆ ಅಪಾಯವಲ್ಲವೇ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು. ಯಾವ ಕ್ಯಾಬಿನ್‌ನಲ್ಲಿದ್ದರೂ ಹೊರಬೀಳಬೇಕಾದದ್ದು ಬಾಗಿಲಿನಿಂದ, ಓಣಿಯ ಮೂಲಕ. ಹತ್ತಿದ ದಿನವೇ ನಾನು ಬಾಗಿಲಿನಿಂದ ಮೆಟ್ಟಿಲವರೆಗೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿ, ಗೋಡೆಯನ್ನು ಮುಟ್ಟುತ್ತ ಒಮ್ಮೆ ನಡೆದು ಬರುತ್ತೇನೆ.

ದರ ಇಳಿಯುವ ಹೊತ್ತಿನ ಬಗ್ಗೆ ಇಷ್ಟು ಹೇಳಬಲ್ಲೆ: ಪೂರ್ತಿ ಹಣ ಕಟ್ಟುವ ಕೊನೆಯ ದಿನದ ಆಸುಪಾಸಿನಲ್ಲಿ, ಎಂದರೆ ಹೊರಡುವುದಕ್ಕೆ ಸುಮಾರು ಮೂರು ತಿಂಗಳ ಮುಂಚೆ, ಮುಂಗಡವನ್ನಷ್ಟೇ ಕೊಟ್ಟಿದ್ದವರು ಹಲವರು ಬುಕಿಂಗ್ ಕೈಬಿಡುತ್ತಾರೆ, ನಡುಭಾಗದ ಒಳ್ಳೆಯ ಸಂಖ್ಯೆಗಳು ಆಗ ಮತ್ತೆ ತೆರೆದುಕೊಳ್ಳುತ್ತವೆ. ಯಾವ ದಿನ, ಯಾವ ಹೊತ್ತಿಗೆ ನೋಡಬೇಕೆಂಬುದು ನನ್ನಲ್ಲೇ ಇರಲಿ. ಒಂದೇ ವರ್ಗದ ಸೋದರಿ ಹಡಗುಗಳ ನಕ್ಷೆ ಬಹುಪಾಲು ಒಂದೇ ಇರುವುದರಿಂದ, ಒಂದರಲ್ಲಿ ಚೆನ್ನಾಗಿ ನಿದ್ದೆ ಬಂದ ಕ್ಯಾಬಿನ್ ಸಂಖ್ಯೆ ಇನ್ನೊಂದರಲ್ಲೂ ನಡೆಯುತ್ತದೆ. ನಡುವೆ ದುರಸ್ತಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ಮುಂದಿನ ಪ್ರಯಾಣಕ್ಕೂ ಅದೇ ಸಂಖ್ಯೆಯನ್ನು ಹಿಡಿದಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.