23 ಸಾವಿರದ ಕರೆಂಟ್ ಬಾಕಿ, ಫ್ಯೂಸ್ ಕೀಳಿಸದೆ ತೀರಿಸಿದ್ದು: ನನ್ನ ಅನುಭವ

2022ರ ಮಾರ್ಚ್‌ನಲ್ಲಿ ನಮ್ಮ ಮನೆಗೆ ಬಂದ ಬಿಲ್ 23 ಸಾವಿರ ಚಿಲ್ಲರೆ. ಎರಡು ಕೋಣೆಯ ಮನೆ. ಒಂದು ಫ್ರಿಜ್, ಒಂದು ಮಿಕ್ಸಿ, ನಾಲ್ಕು ಫ್ಯಾನ್. ಎಸಿ ಇಲ್ಲ. ಹಿಂದಿನ ವರ್ಷ ಕೊರೊನಾ ಎರಡನೇ ಅಲೆಯಲ್ಲಿ ನನ್ನ ಕೆಲಸ ಹೋಗಿತ್ತು. ಅಲ್ಲಿಂದ ಹತ್ತು ತಿಂಗಳು ನಾನು ಬಿಲ್ ಕಟ್ಟಿರಲಿಲ್ಲ, ಅದು ನಿಜ. ಆದರೆ ಹತ್ತು ತಿಂಗಳಿಗೆ 23 ಸಾವಿರ ಹೇಗೆ ಆಗುತ್ತದೆ?

ಕೊನೆಗೆ ನಾನು ಕಟ್ಟಿದ್ದು 9,800 ರೂಪಾಯಿ. ಒಂದು ದಿನವೂ ಕರೆಂಟ್ ಹೋಗಲಿಲ್ಲ. "ಕಾಗದ ಕೊಟ್ಟು ಕರೆಂಟ್ ಉಳಿಸಿಕೊಂಡವರನ್ನು ನಾನಂತೂ ನೋಡಿಲ್ಲ, ಸುಮ್ನೆ ಚಿನ್ನ ಅಡ ಇಟ್ಟು ಕಟ್ಟಿಬಿಡಿ" ಎಂದಿದ್ದ ಮಾವ, ಆಮೇಲೆ ತಮ್ಮ ತಮ್ಮನ ಬಿಲ್ ಹಿಡಿದು ನನ್ನ ಹತ್ತಿರವೇ ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಕಳೆದುಕೊಂಡದ್ದನ್ನು ಹೇಳುತ್ತೇನೆ. ಬಾಕಿದಾರರ ಪಟ್ಟಿ ಹಿಡಿದು ಫ್ಯೂಸ್ ಕೀಳಲು ಬಂದವರಿಗೆ "ನೀವೇ ಕಟ್ಟಿಬಿಡಿ ಅಣ್ಣಾ" ಎಂದು ಕೈಗೆ 2 ಸಾವಿರ ಕೊಟ್ಟೆ. ರಸೀದಿ ಕೇಳಲಿಲ್ಲ. ಆ ದುಡ್ಡು ಖಾತೆಗೆ ಬರಲೇ ಇಲ್ಲ. ಎರಡನೆಯದು ಇನ್ನೂ ದೊಡ್ಡ ತಪ್ಪು. ಪರಿಚಯದವರೊಬ್ಬರ ಹತ್ತಿರ ನೂರಕ್ಕೆ ಐದರ ಬಡ್ಡಿಗೆ 10 ಸಾವಿರ ಕೈಸಾಲ ತಂದೆ. ಅವತ್ತು ರಾತ್ರಿ ಬಿಲ್ ತಿರುಗಿಸಿ ನೋಡಿದೆ. ಬಾಕಿಯ ಮೇಲೆ ವಿದ್ಯುತ್ ಕಂಪನಿಯವರು ಹಾಕುವುದು ತಿಂಗಳಿಗೆ ನೂರಕ್ಕೆ ಒಂದು! ಒಂದರ ಬಡ್ಡಿಯ ಸಾಲ ತೀರಿಸಲು ಐದರ ಬಡ್ಡಿಯ ಸಾಲ ತಂದಿದ್ದೆ. ಮಾರನೇ ದಿನ ಬೆಳಿಗ್ಗೆಯೇ ಹಿಂದಿರುಗಿಸಿದೆ. ಆದರೂ ಒಂದು ತಿಂಗಳ ಬಡ್ಡಿ 500 ಹಿಡಿದುಕೊಂಡರು. ಕರೆಂಟ್ ಬಾಕಿಗೆ ಹೆದರಿ ಮನೆಯ ಚಿನ್ನ ಹೊರಗೆ ಕೊಡುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಹೆದರಬೇಕಾದದ್ದು ಬಡ್ಡಿಗಲ್ಲ, ಫ್ಯೂಸ್ ಕೀಳುವುದಕ್ಕೆ. ಅದನ್ನು ತಡೆಯುವ ದಾರಿ ಬೇರೆ ಇದೆ.

ಮೂರನೇ ಸಲ ಕೈಯಲ್ಲಿದ್ದ 4 ಸಾವಿರ ಹಿಡಿದು ವಿದ್ಯುತ್ ಕಚೇರಿಯ ಕೌಂಟರ್‌ಗೆ ಹೋದೆ. "ಪೂರ್ತಿ ಇದ್ದರೆ ಕಟ್ಟಿ, ಇಲ್ಲ ಅಂದ್ರೆ ಸಾಹೇಬರ ಸಹಿ ತನ್ನಿ" ಎಂದರು. ಸಾಹೇಬರು ಸ್ಪಾಟ್‌ಗೆ ಹೋಗಿದ್ದರು. ಮೂರು ದಿನ ಹೋದೆ, ಮೂರು ದಿನವೂ ಸ್ಪಾಟ್.

ಆ ಮೂರು ದಿನ ಬೆಂಚಿನ ಮೇಲೆ ಕೂತು ಬಿಲ್ ಓದಿದ್ದೇ ನನ್ನನ್ನು ಉಳಿಸಿತು. ನಮ್ಮ ಮೀಟರ್ ಗ್ರಿಲ್ ಒಳಗಿದೆ. ನಾವಿಬ್ಬರೂ ಎಂಟಕ್ಕೆ ಮನೆ ಬಿಡುತ್ತಿದ್ದೆವು, ನಾನು ಕೆಲಸ ಹುಡುಕಿಕೊಂಡು, ನನ್ನ ಹೆಂಡತಿ ಅವಳ ಕೆಲಸಕ್ಕೆ. ರೀಡಿಂಗ್‌ನವರು ಬರುವುದು ಹನ್ನೊಂದಕ್ಕೆ. ಹಾಗಾಗಿ ಹತ್ತು ತಿಂಗಳೂ ಡೋರ್ ಲಾಕ್ ಎಂದು ಸರಾಸರಿ ಬಿಲ್, ತಿಂಗಳಿಗೆ ಆರುನೂರು ಚಿಲ್ಲರೆ. ಬಡ್ಡಿ ಸೇರಿ ಅದೇ ಆರೂವರೆ ಸಾವಿರ. ಆಮೇಲೆ ಒಂದು ದಿನ ಗ್ರಿಲ್ ತೆಗೆದಿತ್ತು. ಅವತ್ತು ನಿಜವಾದ ರೀಡಿಂಗ್ ತೆಗೆದು, ಸುಮಾರು 1,900 ಯೂನಿಟ್ ಅನ್ನು ಒಂದೇ ತಿಂಗಳಿಗೆ ಬಿಲ್ ಮಾಡಿದ್ದರು. ಅದು ಹದಿನಾರೂವರೆ ಸಾವಿರ.

ತಪ್ಪು ಮೂರು ಕಡೆ ಇತ್ತು. ಮೀಟರ್‌ನಲ್ಲಿ ನೂರರ ಸ್ಥಾನದಲ್ಲಿದ್ದ 3 ಬಿಲ್‌ನಲ್ಲಿ 8 ಆಗಿತ್ತು, ಅಲ್ಲೇ 500 ಯೂನಿಟ್ ಜಾಸ್ತಿ. ಸರಾಸರಿ ಬಿಲ್‌ಗಳನ್ನು ಕಳೆದಿರಲಿಲ್ಲ. ಅಂದರೆ ಅದೇ ಹತ್ತು ತಿಂಗಳಿಗೆ ಎರಡು ಸಲ ದುಡ್ಡು. ಮೂರನೆಯದು ಸ್ಲ್ಯಾಬ್, ಅಂದರೆ ತಿಂಗಳ ಯೂನಿಟ್ ಹೆಚ್ಚಿದಂತೆ ಏರುವ ದರ. ಆಗ ಮೊದಲ 50 ಯೂನಿಟ್‌ಗೆ ತಲಾ 4 ರೂಪಾಯಿ ಚಿಲ್ಲರೆ, 200 ದಾಟಿದ ಮೇಲೆ 8 ರೂಪಾಯಿ ಚಿಲ್ಲರೆ. ಎಲ್ಲ ಯೂನಿಟ್ ಒಂದೇ ತಿಂಗಳಿಗೆ ಸುರಿದರೆ ಬಹುಪಾಲು 8 ರೂಪಾಯಿಗೇ ಹೋಗುತ್ತದೆ. ತಿಂಗಳಿಗೆ 140ರಂತೆ ಹಂಚಿದರೆ 200ರ ಹತ್ತಿರವೂ ಹೋಗುವುದಿಲ್ಲ. ಮೇಲೆ ಶೇಕಡ 9 ತೆರಿಗೆ ಬೇರೆ, ಅದೂ ಅದೇ ಲೆಕ್ಕದಲ್ಲಿ ಏರುತ್ತದೆ. ನಾನು ಹಳೇ ನೋಟ್‌ಬುಕ್‌ನಲ್ಲಿ ಹಂಚಿ ನೋಡಿದಾಗ ಒಂಬತ್ತು ಸಾವಿರದ ಆಸುಪಾಸು ಬಂತು. ಎರಡು ಸಲ ಕೂಡಿದೆ, ನಂಬಿಕೆ ಬರಲಿಲ್ಲ. ಮಗಳ ಕೈಯಲ್ಲಿ ಮತ್ತೆ ಕೂಡಿಸಿದೆ. ಅಷ್ಟೇ.

ಇನ್ನು ಕಾನೂನು. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಎಲ್ಲರಿಗೂ ಗೊತ್ತು, ಫ್ಯೂಸ್ ಕೀಳುವ ಮೊದಲು ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು ಎನ್ನುವುದು. ಎಲ್ಲರೂ ಅದನ್ನೇ ಹಿಡಿದು ಜಗಳ ಆಡುತ್ತಾರೆ. "ಬಿಲ್ಲೇ ನೋಟಿಸ್" ಎಂದು ಕಚೇರಿಯವರು ಹೇಳುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ. ನಾನು ಆ ಜಗಳಕ್ಕೇ ಹೋಗಲಿಲ್ಲ. ಅದೇ ಸೆಕ್ಷನ್‌ನ ಕೆಳಗೆ ಇನ್ನೊಂದು ಮಾತಿದೆ. ಬಿಲ್ ಬಗ್ಗೆ ತಕರಾರು ಇದ್ದರೆ, ಕೇಳಿದ ಪೂರ್ತಿ ಮೊತ್ತ, ಇಲ್ಲವೇ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿಯಂತೆ ಪ್ರತಿ ತಿಂಗಳ ಲೆಕ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ಸಾಕು. ತಕರಾರು ತೀರುವವರೆಗೆ ಕರೆಂಟ್ ತೆಗೆಯುವಂತಿಲ್ಲ. ಕೆಲಸ ಹೋಗುವ ಮೊದಲು ನಾನು ತಿಂಗಳಿಗೆ ಕಟ್ಟುತ್ತಿದ್ದದ್ದು ಸುಮಾರು 850. ಹತ್ತು ತಿಂಗಳಿಗೆ 8,500.

ನನ್ನ ಹತ್ತಿರ ಇದ್ದದ್ದು 4 ಸಾವಿರ. ಉಳಿದದ್ದನ್ನು ಅಕ್ಕ ಅವರ ಸ್ವಸಹಾಯ ಸಂಘದಿಂದ ತೆಗೆದುಕೊಟ್ಟಳು, ನೂರಕ್ಕೆ ಒಂದೂವರೆಯೋ ಏನೋ. ಅವಳ ಋಣ ದೊಡ್ಡದು.

ಅರ್ಜಿಯನ್ನು ಎಇಇ, ಅಂದರೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಹೆಸರಿಗೆ ಬರೆದೆ, ಒಂದೇ ಪುಟ. ಎರಡು ಪ್ರತಿ. ಒಂದಕ್ಕೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಕದಲಲಿಲ್ಲ. ಜೊತೆಗೆ ಮೀಟರ್ ಫೋಟೊ, ಅದೇ ದಿನದ ಪೇಪರ್ ಪಕ್ಕದಲ್ಲಿಟ್ಟು ತೆಗೆದದ್ದು. ತಕರಾರಿಲ್ಲದ ಮೊತ್ತ ಎಷ್ಟು, ತಕರಾರಿರುವುದು ಎಷ್ಟು, ಎರಡನ್ನೂ ಬೇರೆ ಬೇರೆ ಬರೆದಿದ್ದೆ. ಇದು ಮುಖ್ಯ. "ಬಡವ, ದಯವಿಟ್ಟು ಕರುಣೆ ತೋರಿ" ಎಂದು ಒಂದು ಪದವೂ ಇರಲಿಲ್ಲ. ಮೊದಲ ಸಾಲು ಒಂದಿದೆ, ಅದನ್ನು ಓದಿದವರು ಅರ್ಜಿಯನ್ನು ಬದಿಗೆ ಇಡುವುದಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಒಂದೇ ಸಾಲು ಬರೆದರೆ ಅದರ ಬಲ ಹೋಗುತ್ತದೆ. ಯಾವ ದಿನ ಎಷ್ಟು ಗಂಟೆಗೆ ಹೋದರೆ ಸಾಹೇಬರು ಸಿಗುತ್ತಾರೆ ಎನ್ನುವುದನ್ನೂ ನಾನು ಕಷ್ಟಪಟ್ಟು ಕಂಡುಕೊಂಡೆ. ಅದು ನನ್ನಲ್ಲೇ ಇರಲಿ.

ದುಡ್ಡು ಕಟ್ಟಿಸಿಕೊಂಡರು. ಫ್ಯೂಸ್ ಕೀಳುವ ಪಟ್ಟಿಯಿಂದ ನನ್ನ ಆರ್‌ಆರ್ ನಂಬರ್ (ಬಿಲ್ ಮೇಲಿನ ಸಂಪರ್ಕದ ಸಂಖ್ಯೆ) ತೆಗೆದರು. ಆದರೆ ಬಿಲ್ ತಿದ್ದಲಿಲ್ಲ. ಮೂರು ವಾರ ಉತ್ತರ ಇಲ್ಲ. ಆಗ ಅದೇ ಅರ್ಜಿಯನ್ನು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಕಳಿಸಿ, ಅದರ ಪ್ರತಿಯನ್ನು ಉಪವಿಭಾಗಕ್ಕೂ ಕೊಟ್ಟೆ. ಅದರಲ್ಲಿ ಒಂದು ಮಾತು ಸೇರಿಸಿದ್ದೆ. 2020ರ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ಎರಡು ಬಿಲ್ಲಿಂಗ್ ಸುತ್ತಿಗಿಂತ ಜಾಸ್ತಿ ಅಂದಾಜು ಬಿಲ್ಲೇ ಬರುತ್ತಿದ್ದರೆ, ನಿಜವಾದ ರೀಡಿಂಗ್ ಬಿಲ್ ಕೊಡುವವರೆಗೆ ಗ್ರಾಹಕ ಕಟ್ಟದೆ ಇರಬಹುದು. ನಾಲ್ಕೈದು ದಿನದಲ್ಲಿ ಮನೆಗೆ ಬಂದು ಮೀಟರ್ ನೋಡಿದರು. 8 ಮತ್ತೆ 3 ಆಯಿತು. ಯೂನಿಟ್ ಹಂಚಿದರು, ಸರಾಸರಿ ಬಿಲ್ ಕಳೆದರು. ಉಳಿದದ್ದು 1,300. ಅದನ್ನು ಅವತ್ತೇ ಕಟ್ಟಿದೆ. ವೇದಿಕೆಯ ಮೇಲಿನ ಹಂತವಾದ ಒಂಬುಡ್ಸ್‌ಮನ್ ತನಕ ಹೋಗುವ ಅಗತ್ಯ ಬೀಳಲಿಲ್ಲ.

ಈ ನಡುವೆ ಇನ್ನೊಂದು ಹುಚ್ಚು ಹತ್ತಿತು. ದಿನಾ ಬೆಳಿಗ್ಗೆ ಏಳಕ್ಕೆ ಮೀಟರ್ ಬರೆದಿಡುವುದು. ಒಂದು ರಾತ್ರಿ ನನ್ನ ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್ ಪ್ಲಗ್ಗೂ ತೆಗೆದು ನೋಡಿದೆ. ಮೀಟರ್‌ನ ಕೆಂಪು ದೀಪ ಮಿಣುಕುತ್ತಲೇ ಇತ್ತು, ಅಂದರೆ ಯೂನಿಟ್ ಓಡುತ್ತಲೇ ಇತ್ತು! ಮೆಟ್ಟಿಲ ಲೈಟ್ ಮತ್ತು ಮೇಲಿನ ಮನೆಯ ಗೀಸರ್ ಲೈನ್ ನನ್ನ ಮೀಟರ್‌ಗೆ ಸೇರಿತ್ತು. ವೈರಿಂಗ್‌ನವನಿಗೆ 600 ಕೊಟ್ಟು ಬಿಡಿಸಿದೆ. ತಿಂಗಳಿಗೆ ಮೂವತ್ತು ಯೂನಿಟ್ ಉಳಿಯಿತು. ಫ್ರಿಜ್‌ನ ಬಾಗಿಲ ರಬ್ಬರ್ ಬದಲಿಸಿಯೂ ನೋಡಿದೆ, ಅದರಿಂದ ಹೆಚ್ಚೇನೂ ಆಗಲಿಲ್ಲ. ಭದ್ರತಾ ಠೇವಣಿಯನ್ನು ಬಾಕಿಗೆ ಹೊಂದಿಸಿ ಎಂದೂ ಕೇಳಿದ್ದೆ. ಆಗುವುದಿಲ್ಲ ಎಂದರು. ಆದರೆ ಠೇವಣಿಗೆ ವರ್ಷಕ್ಕೊಮ್ಮೆ ಬಡ್ಡಿ ಜಮಾ ಆಗಬೇಕು. ನಿಮ್ಮ ಬಿಲ್‌ನಲ್ಲಿ ಅದು ಬಂದಿದೆಯಾ, ನೋಡಿಕೊಳ್ಳಿ.

ಇದೇ ಅರ್ಜಿ ಎಲ್ಲರಿಗೂ ನಡೆಯುವುದಿಲ್ಲ. ಮಾವನ ತಮ್ಮನ ಬಾಕಿ 14 ಸಾವಿರ, ಅದರಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಅಲ್ಲಿ ತಕರಾರು ಎಂದು ಸುಳ್ಳು ಬರೆದರೆ ನಮ್ಮ ಮಾತಿಗೇ ಬೆಲೆ ಹೋಗುತ್ತದೆ. ಅವರಿಗೆ ಕಂತು ಕೇಳಿ ಬರೆದೆವು. ಇವತ್ತೇ ಕಾಲು ಭಾಗ, ಉಳಿದದ್ದು ಮೂರು ಕಂತು, ಜೊತೆಗೆ ಆಯಾ ತಿಂಗಳ ಬಿಲ್ ತಪ್ಪದೆ. ದುಡ್ಡು ಕೈಯಲ್ಲಿ ಹಿಡಿದೇ ಒಳಗೆ ಹೋದೆವು. ಬರಿಗೈಯಲ್ಲಿ ಹೋಗಿ ಕಂತು ಕೇಳಿದವರಿಗೆ ಸಿಕ್ಕಿದ್ದನ್ನು ನಾನು ನೋಡಿಲ್ಲ. ಎರಡನೇ ಕಂತು ನಾಲ್ಕು ದಿನ ತಡವಾದಾಗ ಫ್ಯೂಸ್ ಕಿತ್ತೇಬಿಟ್ಟರು. ಅವತ್ತು ರಾತ್ರಿ ಅವರ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗ ಮೊಬೈಲ್ ಬೆಳಕಲ್ಲಿ ಕೂತಿದ್ದ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಕಂತಿನ ದಿನಾಂಕ ಸಂಬಳದ ಮೂರು ದಿನ ನಂತರಕ್ಕೆ ಬರೆಸಿಕೊಳ್ಳಬೇಕಿತ್ತು. ಈಗ ಹಾಗೇ ಬರೆಸುತ್ತೇನೆ.

ಪಕ್ಕದ ಬೀದಿಯ ನಿವೃತ್ತರೊಬ್ಬರಿಗೆ ಐದು ವರ್ಷ ಹಳೆಯ ಲೆಕ್ಕ ಈಗ ತೋರಿಸಿ ಬಿಲ್ ಬಂತು. 56ನೇ ಸೆಕ್ಷನ್‌ನಲ್ಲೇ ಹಳೇ ಹಣದ ವಸೂಲಿಗೆ ಎರಡು ವರ್ಷದ ಮಿತಿ ಇದೆ, ಬಾಕಿ ಎಂದು ಬಿಲ್‌ನಲ್ಲಿ ತೋರಿಸುತ್ತಲೇ ಬಂದಿದ್ದರೆ ಮಾತ್ರ ಆ ಮಿತಿ ಅನ್ವಯಿಸುವುದಿಲ್ಲ. ಅಜ್ಮೇರ್ ಕಡೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ಹೀಗೆ: ಲೆಕ್ಕದ ತಪ್ಪಿನ ಹಣವನ್ನು ಎರಡು ವರ್ಷದ ನಂತರವೂ ಕೇಳಬಹುದು, ಆದರೆ ಅದಕ್ಕಾಗಿ ಕರೆಂಟ್ ತೆಗೆಯುವಂತಿಲ್ಲ. 2021ರಲ್ಲಿ ಇನ್ನೊಂದು ತೀರ್ಪು ಬೇರೆ ದಾರಿ ಹಿಡಿದಿದೆ. ಅದಕ್ಕೇ ಅವರಿಗೂ ಆರು ತಿಂಗಳ ಸರಾಸರಿ ಕಟ್ಟಿಸಿಯೇ ವೇದಿಕೆಗೆ ಕಳಿಸಿದೆ.

ಬಿಲ್ ತಿದ್ದಿಸಿದ್ದಕ್ಕೆ ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. 2023ರ ಜುಲೈನಿಂದ ಗೃಹಜ್ಯೋತಿ, ಮನೆಗಳಿಗೆ ಉಚಿತ ಕರೆಂಟ್ ಯೋಜನೆ, ಬಂತಲ್ವಾ. ಆಗ ಉಚಿತ ಎಂದು ಕೊಟ್ಟದ್ದು 2022-23ರ ಬಳಕೆಯ ಸರಾಸರಿ, ಅದರ ಮೇಲೆ ಶೇಕಡ 10, ಒಟ್ಟು 200 ಯೂನಿಟ್ ಒಳಗೆ. ಆ ವರ್ಷ ಪೂರ್ತಿ ನಾನು ಗ್ರಿಲ್‌ಗೆ ಕಿಂಡಿ ಮಾಡಿಸಿ ಸರಿಯಾದ ರೀಡಿಂಗ್ ಕೊಡಿಸಿದ್ದೆ. ಹಾಗಾಗಿ ನನ್ನ ಸರಾಸರಿ ಸರಿಯಾಗಿ ಕೂತಿತು. ಡೋರ್ ಲಾಕ್‌ನಲ್ಲೇ ಕಡಿಮೆ ಯೂನಿಟ್ ಬಿದ್ದವರಿಗೆ ಉಚಿತದ ಮಿತಿಯೂ ಕಡಿಮೆಯೇ ಬಂತು. ಉಚಿತ ಅಂದರೆ ಹಳೇ ಬಾಕಿಯೂ ಮನ್ನಾ ಎಂದು ನಮ್ಮ ಬೀದಿಯಲ್ಲಿ ಹಲವರು ಕೂತುಬಿಟ್ಟರು. ಮನ್ನಾ ಆಗಿಲ್ಲ. ಅವರಲ್ಲಿ ಇಬ್ಬರ ಅರ್ಜಿ ಬರೆದುಕೊಟ್ಟಾಗಿದೆ. ಮೂರನೆಯವರದು ಹಿಟ್ಟಿನ ಗಿರಣಿ, ತ್ರೀ ಫೇಸ್. ಅಂಥದ್ದನ್ನು ನಾನು ಇನ್ನೂ ಮುಟ್ಟಿಲ್ಲ. ಅವರ ಹಳೇ ಬಿಲ್‌ಗಳ ಕಟ್ಟು ಈಗ ನನ್ನ ಮೇಜಿನ ಮೇಲಿದೆ.