ಹಳೆಯ ರೀಲು ಕ್ಯಾಮೆರಾ ಕೊಂಡಿರಾ? ಮೊದಲ ರೀಲು ಪರೀಕ್ಷೆಗಿರಲಿ

ಅಟ್ಟದ ಟ್ರಂಕಿನಲ್ಲಿ ಸಿಕ್ಕ ಯಾಶಿಕಾ ಎಂಎಫ್‌-2 ಆಗಲಿ, ಪರಿಚಯದ ಸ್ಟುಡಿಯೊದವರು ಕಡಿಮೆ ಬೆಲೆಗೆ ಬಿಟ್ಟುಕೊಟ್ಟ ಪೆಂಟಾಕ್ಸ್‌ ಕೆ1000 ಆಗಲಿ, ಹಳೆಯ ಕ್ಯಾಮೆರಾ ಕೈಗೆ ಬಂದೊಡನೆ ರೀಲು ತುಂಬಿಸಿಕೊಂಡು ಸೂರ್ಯೋದಯಕ್ಕೆ ನಂದಿಬೆಟ್ಟ ಹತ್ತುವ ಆಸೆ ಚಿಕ್ಕಬಳ್ಳಾಪುರದವರಿಗೆ ಸಹಜ. ಆದರೆ ಮಂಜಿನಲ್ಲಿ, ಮಂದ ಬೆಳಕಿನಲ್ಲಿ ತೆಗೆದ ಚಿತ್ರ ಕೆಟ್ಟರೆ ತಪ್ಪು ಕ್ಯಾಮೆರಾದ್ದೋ ನಮ್ಮದೋ ಎಂಬುದು ತಿಳಿಯುವುದಿಲ್ಲ. ಮೊದಲ ರೀಲನ್ನು ಕ್ಯಾಮೆರಾ ಪರೀಕ್ಷೆಗೆಂದೇ ತೆಗೆದಿಡುವುದು ಲೇಸು.

1976ರಿಂದ 1997ರವರೆಗೆ ತಯಾರಾದ ಕೆ1000ನಂಥ ಕ್ಯಾಮೆರಾದಲ್ಲಿ ಶಟರ್‌ (ರೀಲಿಗೆ ಬೆಳಕು ಬಿಡಲು ಕ್ಷಣಮಾತ್ರ ತೆರೆದು ಮುಚ್ಚುವ ಪರದೆ) ನಡೆಯುವುದು ಸ್ಪ್ರಿಂಗು, ಹಲ್ಲುಚಕ್ರಗಳಿಂದ; ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಆದ್ದರಿಂದ ಮೀಟರು ಸತ್ತಿದ್ದರೂ ಕ್ಯಾಮೆರಾ ಬದುಕಿರುತ್ತದೆ. ಹಣ ಕೊಡುವ ಮೊದಲು ಹಿಂಬದಿಯ ಬಾಗಿಲು ತೆರೆದು, ಒಳಗೆ ರೀಲಿಲ್ಲದಿರುವುದನ್ನು ಖಚಿತಪಡಿಸಿಕೊಂಡು, ಒಂದು ಸೆಕೆಂಡಿನ ವೇಗದಿಂದ ಹಿಡಿದು 1/1000ರವರೆಗೆ ಪ್ರತಿ ವೇಗದಲ್ಲೂ ಶಟರ್‌ ಒತ್ತಿ ನೋಡಿ. ಶಟರಿನ ಬಟ್ಟೆಗೆ ಬೆರಳು ತಾಗಿಸಬೇಡಿ. ಲೆನ್ಸಿನ ಹಿಂದಿನಿಂದ ಮೊಬೈಲ್‌ ಟಾರ್ಚ್‌ ಹಿಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅಂಥದ್ದನ್ನು ಬಿಟ್ಟುಬಿಡಿ. ನಾಲ್ಕಾರು ಧೂಳಿನ ಕಣಗಳಿಂದ ಏನೂ ಆಗದು. ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಕೈಗೆ ಅಂಟುವಂತಿದ್ದರೆ ಅಲ್ಲಿಂದ ಬೆಳಕು ಸೋರಬಹುದೆಂದು ಲೆಕ್ಕ ಹಾಕಿ, ಬೆಲೆ ಇಳಿಸಿ ಕೇಳಿ.

ರೀಲು ತುಂಬುವುದನ್ನು ನೆರಳಿನಲ್ಲಿ ಮಾಡಬೇಕು. ರೀಲಿನ ತುದಿಯನ್ನು ಬಲಬದಿಯ ಉರುಳೆಯ ಸೀಳಿಗೆ ಸಿಕ್ಕಿಸಿ, ಹಲ್ಲುಗಳು ರಂಧ್ರಗಳಲ್ಲಿ ಕೂತ ಮೇಲೆ ಬಾಗಿಲು ಮುಚ್ಚಿ, ಎಡಬದಿಯ ತಿರುಗಣೆಯನ್ನು ಬಿಗಿಯೆನಿಸುವಷ್ಟು ಮೆಲ್ಲಗೆ ಹಿಂದಕ್ಕೆ ಸುತ್ತಿಕೊಳ್ಳಿ. ಮುಂದೆ ರೀಲು ಸರಿಸುವ ಸನ್ನೆ (ಲಿವರ್) ಎಳೆದಾಗಲೆಲ್ಲ ಆ ತಿರುಗಣೆ ತಾನೂ ತಿರುಗಬೇಕು. ಈ ಒಂದು ಸಂಗತಿ ನನಗೆ ತಿಳಿಯದೆ, ಸಂಬಂಧಿಕರ ಮದುವೆಯೊಂದರಲ್ಲಿ ಧಾರೆಯಿಂದ ಊಟದ ಪಂಕ್ತಿಯವರೆಗೆ ಎಲ್ಲವನ್ನೂ ‘ತೆಗೆದೆ’. ಎಣಿಕೆ 36 ದಾಟಿದರೂ ರೀಲು ಮುಗಿಯದಿದ್ದಾಗ ಅನುಮಾನ ಬಂದು ನೋಡಿದರೆ, ತುದಿ ಸೀಳಿನಿಂದ ಜಾರಿ ಇಡೀ ರೀಲು ಡಬ್ಬಿಯೊಳಗೇ ಕುಳಿತಿತ್ತು. ಅತ್ತೆ ಇಂದಿಗೂ ಆ ಫೋಟೊಗಳನ್ನು ಕೇಳುತ್ತಾರೆ.

ಮೀಟರಿನ ಮೇಲೆ ನಂಬಿಕೆಯಿಲ್ಲದಿದ್ದರೆ ಹಳೆಯ ಸೂತ್ರವೊಂದಿದೆ: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್‌ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 16 ಇಟ್ಟು, ರೀಲಿನ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಶಕ್ತಿ) ಸಂಖ್ಯೆಗೆ ಹತ್ತಿರದ ಶಟರ್‌ ವೇಗ ಆರಿಸಬೇಕು. 200ರ ರೀಲಾದರೆ 1/250. ಮೋಡ ಕವಿದರೆ ಅಪರ್ಚರ್‌ 8ಕ್ಕೆ ಬನ್ನಿ.

ಪರೀಕ್ಷೆಗೆ ನಾನು ಆರಿಸಿಕೊಂಡಿದ್ದು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಆವರಣ. ಬಿಸಿಲು ಬಿದ್ದ ಕಲ್ಲಿನ ಗೋಡೆಯೊಂದನ್ನು 16ರಲ್ಲಿ 1/250, 11ರಲ್ಲಿ 1/500, 8ರಲ್ಲಿ 1/1000 ಹೀಗೆ ಮೂರು ಸಲ ತೆಗೆಯಿರಿ. ಮೂರಕ್ಕೂ ಬೀಳುವ ಬೆಳಕು ಒಂದೇ ಆದ್ದರಿಂದ ನೆಗೆಟಿವ್‌ಗಳೂ ಒಂದೇ ದಟ್ಟಣೆಯಲ್ಲಿರಬೇಕು. ನೆಗೆಟಿವ್‌ನಲ್ಲಿ ಬೆಳಕು ಹೆಚ್ಚು ಬಿದ್ದಷ್ಟೂ ಕಪ್ಪು; ಮೂರನೆಯದು ಮಾತ್ರ ಹೆಚ್ಚು ಕಪ್ಪಾಗಿದ್ದರೆ ಶಟರ್‌ ಆ ವೇಗದಲ್ಲಿ ಕುಂಟುತ್ತಿದೆ ಎಂದರ್ಥ. ಸಂಜೆ ಕಲ್ಯಾಣಿಯ ಮೆಟ್ಟಿಲುಗಳಿಗೆ ನೆರಳು ಬಂದ ಬಳಿಕ, ನಡುವಿನ ಒಂದು ಮೆಟ್ಟಿಲ ಮೇಲೆ ನೀರಿನ ಬಾಟಲಿ ಇಟ್ಟು, ಅದಕ್ಕೆ ಫೋಕಸ್‌ ಮಾಡಿ, ಅಪರ್ಚರನ್ನು ಪೂರ್ತಿ ತೆರೆದು ತೆಗೆಯಿರಿ. ಬಾಟಲಿ ಮಸುಕಾಗಿ ಅದರ ಹಿಂದಿನ ಮೆಟ್ಟಿಲು ಸ್ಪಷ್ಟವಾಗಿ ಬಂದರೆ ಕ್ಯಾಮೆರಾದ ಫೋಕಸ್‌ ತಪ್ಪಿದೆ. ಪ್ರತಿ ಚಿತ್ರದ ಲೆಕ್ಕವನ್ನು ಆಗಲೇ ಪುಸ್ತಕದಲ್ಲಿ ಬರೆದುಕೊಳ್ಳದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಎಂಎಫ್‌-2ರಲ್ಲಿ ಫೋಕಸ್‌ ಸ್ಥಿರವಾಗಿರುವುದರಿಂದ ಫ್ಲ್ಯಾಶ್‌, ರೀಲಿನ ಓಟ, ಬೆಳಕಿನ ಸೋರಿಕೆ ಇಷ್ಟನ್ನೇ ನೋಡಿದರೆ ಸಾಕು.

ರೀಲು ಮುಗಿದ ಮೇಲೆ ಕೆ1000ರ ತಳದ ಗುಂಡಿ ಒತ್ತಿ, ತಿರುಗಣೆ ಹಗುರಾಗುವವರೆಗೂ ಹಿಂದಕ್ಕೆ ಸುತ್ತಿದ ನಂತರವೇ ಬಾಗಿಲು ತೆರೆಯಬೇಕು. ತೊಳೆಸಲು ಕೊಡುವಾಗ ಅದು ಬಣ್ಣದ ರೀಲೋ ಕಪ್ಪು-ಬಿಳುಪಿನದೋ ಎಂಬುದನ್ನು ಹೇಳಿ; ಎರಡಕ್ಕೂ ರಾಸಾಯನಿಕ ಬೇರೆ. ಊರಿನ ಸ್ಟುಡಿಯೊದಲ್ಲಿ ‘ರೀಲೇನ್ರೀ ಈಗ’ ಎಂದು ನಕ್ಕರೆ ಬೆಂಗಳೂರಿಗೆ ಕಳಿಸಬೇಕಾದೀತು. ನೆಗೆಟಿವ್‌ಗಳನ್ನು ಮಾತ್ರ ತಪ್ಪದೆ ವಾಪಸ್‌ ಪಡೆಯಿರಿ, ಏಕೆಂದರೆ ದೋಷದ ಸುಳಿವು ಇರುವುದು ಅವುಗಳಲ್ಲೇ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಪ್ಪು ಪಟ್ಟೆ ಕಂಡರೆ ಬಾಗಿಲಿನ ಸ್ಪಂಜು ಬದಲಿಸಬೇಕು. ಚಿತ್ರಗಳು ಒಂದರ ಮೇಲೊಂದು ಹತ್ತಿದ್ದರೆ ರೀಲು ಎಳೆಯುವ ಹಲ್ಲುಗಳು ಸವೆದಿರಬಹುದು. ರೀಲು ಪೂರ್ತಿ ಖಾಲಿ ಬಂದರೆ ಅಂಚನ್ನು ನೋಡಿ: ಕಂಪನಿಯ ಹೆಸರು, ಅಂಕಿಗಳು ಅಲ್ಲಿ ಸ್ಪಷ್ಟವಾಗಿದ್ದರೆ ತೊಳೆದದ್ದು ಸರಿಯಾಗಿದೆ, ತಪ್ಪು ಕ್ಯಾಮೆರಾದ್ದು ಅಥವಾ ನನ್ನಂತೆ ರೀಲು ತುಂಬಿದವರದ್ದು, ಆ ಅಕ್ಷರಗಳೂ ಇಲ್ಲದಿದ್ದರೆ ತೊಳೆದವರನ್ನೇ ಕೇಳಬೇಕು.